ಗ್ಯಾಟ್ಸ್‌ಬಿಯ ದುಡ್ಡಿಗಿದ್ದ ಕಳಂಕ

ಜೇ ಗ್ಯಾಟ್ಸ್‌ಬಿ ಸೋತದ್ದೇಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಕೈತಪ್ಪಿದ ಪ್ರೀತಿಯನ್ನು ದುಡ್ಡಿನಿಂದ ಮರಳಿ ಪಡೆಯಲಾಗದು. ಸ್ಕಾಟ್ ಫಿಟ್ಜ್‌ಜೆರಾಲ್ಡ್ 1925ರಲ್ಲಿ ಪ್ರಕಟಿಸಿದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಗೆ ಈ ಉತ್ತರ ಸಾಲದು. ಲೇಖಕನ ಬದುಕೇ ಇದಕ್ಕೆ ಎದುರುಸಾಕ್ಷಿ. ಅವನ ಸಂಪಾದನೆಯ ಮೇಲೆ ಭರವಸೆಯಿಲ್ಲದೆ ಜೆಲ್ಡಾ ಸೇಯರ್ 1919ರಲ್ಲಿ ನಿಶ್ಚಿತಾರ್ಥ ಮುರಿದಿದ್ದಳು; 1920ರ ಮಾರ್ಚ್‌ನಲ್ಲಿ ಅವನ ಮೊದಲ ಕಾದಂಬರಿ ಹೊರಬಂತು, ಏಪ್ರಿಲ್‌ನಲ್ಲಿ ಮದುವೆಯಾಯಿತು. ಹಾಗಾದರೆ ಗ್ಯಾಟ್ಸ್‌ಬಿಗೆ ದಕ್ಕದ್ದು ಏನು? ಅವನ ದುಡ್ಡಿನ ಮೂಲವನ್ನು ಸಮಾಜ ಮರೆಯುವಷ್ಟು ಕಾಲಾವಕಾಶ ಎಂಬುದು ನನ್ನ ವಾದ.

ಫಿಟ್ಜ್‌ಜೆರಾಲ್ಡ್ 1922ರಿಂದ 1924ರವರೆಗೆ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಗ್ರೇಟ್ ನೆಕ್‌ನಲ್ಲಿದ್ದ. ಅದೇ ಕಾದಂಬರಿಯ ವೆಸ್ಟ್ ಎಗ್, ಹೊಸ ಸಿರಿವಂತರ ದಂಡೆ. ಕೊಲ್ಲಿಯಾಚೆಯ ಈಸ್ಟ್ ಎಗ್ ಮನೆತನಸ್ಥರದು. ಆದರೆ ಲಾಂಗ್ ಐಲೆಂಡಿನ ಆ ಉತ್ತರ ತೀರದ ‘ಹಳೆಯ’ ಸಿರಿ ನಿಜಕ್ಕೂ ಎಷ್ಟು ಹಳೆಯದು? ಅಲ್ಲಿನ ಅರಮನೆಗಳಲ್ಲಿ ಹೆಚ್ಚಿನವು 1890ರ ಈಚೆಗೆ ಎದ್ದವು. ಗ್ಲೆನ್ ಕೋವ್‌ನಲ್ಲಿ ಅಮೃತಶಿಲೆಯ ಸೌಧ ಕಟ್ಟಿಸಿದ ಫ್ರಾಂಕ್ ವುಲ್‌ವರ್ತ್ ಐದು-ಹತ್ತು ಸೆಂಟಿನ ಅಂಗಡಿಗಳ ಒಡೆಯ. ಅದೇ ಊರಿನ ಪ್ರಾಟ್ ಕುಟುಂಬದ್ದು ಸ್ಟ್ಯಾಂಡರ್ಡ್ ಆಯಿಲ್‌ನ ಹಣ. ಆ ಕಂಪನಿಯ ಏಕಸ್ವಾಮ್ಯ ಕಾನೂನುಬಾಹಿರವೆಂದು 1911ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಡೆಯಲು ಆದೇಶಿಸಿತ್ತು. ಒಂದು ತಲೆಮಾರು ಕಳೆದರೆ ಸಾಕು, ಗಳಿಕೆಯ ಬಗೆ ಹಿಂದೆ ಸರಿದು ಮನೆತನದ ಹೆಸರು ಮುಂದೆ ಬರುತ್ತಿತ್ತು. ಗ್ಯಾಟ್ಸ್‌ಬಿಗಿದ್ದದ್ದು ಕೆಲವೇ ವರ್ಷ.

ಆ ವರ್ಷಗಳೂ ಪಾನನಿಷೇಧದವು. 1920ರ ಜನವರಿಯಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ಕಾನೂನು ಮದ್ಯದ ತಯಾರಿಕೆ, ಮಾರಾಟ, ಸಾಗಾಟವನ್ನು ನಿಷೇಧಿಸಿತೇ ಹೊರತು ಕುಡಿಯುವುದನ್ನಲ್ಲ. ಮೊದಲೇ ಕೊಂಡು ಮನೆಯಲ್ಲಿ ದಾಸ್ತಾನಿಟ್ಟವರು ನಿಶ್ಚಿಂತರಾಗಿದ್ದರು, ಎಂದರೆ ಉಳ್ಳವರು. ವೈದ್ಯರ ಚೀಟಿ ತೋರಿಸಿದರೆ ಔಷಧದಂಗಡಿಯಲ್ಲೂ ವಿಸ್ಕಿ ಸಿಗುತ್ತಿತ್ತು. ಆ ಕಿಂಡಿಯಿಂದಲೇ ಷಿಕಾಗೊದ ವಕೀಲಿಕೆ ಬಿಟ್ಟು ಸಿನ್ಸಿನಾಟಿಗೆ ಬಂದ ಜಾರ್ಜ್ ರೀಮಸ್ ಕೋಟ್ಯಧೀಶನಾದ. ಕಾದಂಬರಿಯಲ್ಲಿ ಗ್ಯಾಟ್ಸ್‌ಬಿ ಮರಳಿ ಪಡೆಯಬಯಸುವ ಡೇಸಿಯ ಗಂಡ, ಈಸ್ಟ್ ಎಗ್‌ನ ಟಾಮ್, ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಬಯಲುಮಾಡುವ ಗುಟ್ಟೂ ಇಂಥದೇ: ಗ್ಯಾಟ್ಸ್‌ಬಿಯ ಔಷಧದಂಗಡಿಗಳಲ್ಲಿ ಮದ್ಯ ಮಾರಾಟವಾಗುತ್ತಿದೆ. ಹಾಗೆ ಆಪಾದಿಸುವವನೇ ತನ್ನ ಮನೆಯಿಂದ ವಿಸ್ಕಿ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಅದೇ ಹೋಟೆಲಿಗೆ ತಂದಿದ್ದಾನೆ! ಸಾಗಾಟವೂ ಅಪರಾಧವೇ, ಆದರೆ ಆ ಕೋಣೆಯಲ್ಲಿ ಅಪರಾಧಿಯೆನಿಸಿದವನು ಒಬ್ಬನೇ. ಇಡೀ ಕಾದಂಬರಿಯಲ್ಲಿ ವರ್ಗದ ಬಲವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ವಿವರ ನನಗೆ ಕಾಣದು.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಆ ಗುಟ್ಟು ಹೊರಬೀಳುವ ಮೊದಲೇ ಡೇಸಿ ಅಳುಕಿದ್ದಾಳೆ. ಟಾಮ್‌ನನ್ನೂ ಒಮ್ಮೆ ಪ್ರೀತಿಸಿದ್ದೆ ಎಂದು ಒಪ್ಪಿಕೊಂಡಿದ್ದಾಳೆ. ಗಂಡನನ್ನು ಎಂದೂ ಪ್ರೀತಿಸಲಿಲ್ಲವೆಂದು ಅವಳ ಬಾಯಿಂದಲೇ ಬರಬೇಕೆನ್ನುವ ಗ್ಯಾಟ್ಸ್‌ಬಿಯ ಹಟವೂ ಅವನ ಸೋಲಿಗೆ ಕಾರಣವೆಂಬುದು ನಿಜ. ಆದರೂ ಆ ಅಳುಕಿನ ಹೊತ್ತಿನಲ್ಲಿ ಅವಳು ಟಾಮ್‌ನನ್ನು ಬಿಡುತ್ತೇನೆ ಎಂದು ಹೇಳುವಷ್ಟು ಧೈರ್ಯ ಉಳಿಸಿಕೊಂಡಿದ್ದಳು. ಔಷಧದಂಗಡಿಗಳ ಮಾತು ಬಂದ ಮೇಲೆ ಗ್ಯಾಟ್ಸ್‌ಬಿ ಎಷ್ಟು ವಿವರಿಸಿದರೂ ಅವಳು ತನ್ನೊಳಗೇ ಮುದುಡುತ್ತಾಳೆ. ಅವನನ್ನು ಬರೀ ಹುಚ್ಚು ಪ್ರೇಮಿಯೆಂದು ಬಗೆದವರು ಪಾನನಿಷೇಧದ ಕಾನೂನನ್ನು ಪಕ್ಕದಲ್ಲಿಟ್ಟುಕೊಂಡು ಆ ಏಳನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.