ಯಾರ ಕೋವಿಯ ಗುಂಡು? ರಣಭೂಮಿಯ ಸೀಸ ಹೇಳುವ ಸಾಕ್ಷ್ಯ

ಮೆಟಲ್ ಡಿಟೆಕ್ಟರ್ ಕೂಗಿದ ಕಡೆ ಅಗೆದರೆ ಸಿಗುವ ಹಳೆಯ ಗುಂಡು ದುಂಡಗಿರುವುದು ಅಪರೂಪ. ಕಲ್ಲಿಗೋ ಮರಕ್ಕೋ ಬಡಿದು ಚಪ್ಪಟೆಯಾಗಿರುತ್ತದೆ, ಶತಮಾನಗಳ ಕಾಲ ಮಣ್ಣಲ್ಲಿದ್ದು ಮೈಯೆಲ್ಲ ಬಿಳಿಚಿಕೊಂಡಿರುತ್ತದೆ. ಅಂಥದ್ದನ್ನು ಕೈಯಲ್ಲಿ ಹಿಡಿದು ಇದು ಯಾವ ಸೇನೆಯದು, ಯಾವ ಕೋವಿಯದು ಎಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದ್ದು ಅಮೆರಿಕದ ನ್ಯೂಜೆರ್ಸಿಯ ಮಾನ್‌ಮತ್ ರಣಭೂಮಿಯಲ್ಲಿ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ, 1778ರ ಜೂನ್ 28ರ ಉರಿಬಿಸಿಲಿನಲ್ಲಿ, ವಾಷಿಂಗ್ಟನ್ನನ ಪಡೆ ಬ್ರಿಟಿಷರನ್ನು ಎದುರಿಸಿದ ಜಾಗವದು.

ಅಲ್ಲಿ ಸ್ವಯಂಸೇವಕರ ತಂಡ ಕಟ್ಟಿಕೊಂಡು ಹೊಲಗಳನ್ನು ಜಾಲಾಡಿದ ಡ್ಯಾನಿಯಲ್ ಸಿವಿಲಿಚ್ 1996ರಲ್ಲಿ ಒಂದು ಸರಳ ಸೂತ್ರವನ್ನು ಪ್ರಕಟಿಸಿದರು. ಗುಂಡು ಎಷ್ಟೇ ನಜ್ಜುಗುಜ್ಜಾದರೂ ಅದರ ತೂಕ ಹೆಚ್ಚುಕಡಿಮೆ ಉಳಿದಿರುತ್ತದೆ. ಗ್ರಾಂ ಲೆಕ್ಕದ ಆ ತೂಕದ ಘನಮೂಲವನ್ನು 0.2232ರಿಂದ ಗುಣಿಸಿದರೆ, ಗುಂಡು ದುಂಡಗಿದ್ದಾಗ ಎಷ್ಟು ಇಂಚು ವ್ಯಾಸವಿತ್ತೆಂದು ತಿಳಿಯುತ್ತದೆ. 30 ಗ್ರಾಂ ತೂಗುವ ಮುದ್ದೆ ಸುಮಾರು 0.69 ಇಂಚಿನದು; 23 ಗ್ರಾಂ ತೂಗಿದರೆ ಸುಮಾರು 0.63. ಸೀಸಕ್ಕೆ ತವರ ಬೆರೆತಿದ್ದರೆ ಅಥವಾ ಚೂರು ಹಾರಿಹೋಗಿದ್ದರೆ ಲೆಕ್ಕ ತಪ್ಪುತ್ತದೆ, ನಿಜ. ಆದರೂ ಕಣ್ಣಂದಾಜಿಗಿಂತ ಇದು ಎಷ್ಟೋ ಮೇಲು.

ಈ ಸಣ್ಣ ಅಂತರದಲ್ಲಿ ಎರಡು ದೇಶಗಳ ಕಾರ್ಖಾನೆಗಳು ಅಡಗಿವೆ. ಬ್ರಿಟಿಷರ ‘ಬ್ರೌನ್ ಬೆಸ್’ ಕೋವಿಯ ನಳಿಗೆ 0.75 ಇಂಚಿನದು, ಅದಕ್ಕೆ ತುಂಬುತ್ತಿದ್ದ ಗುಂಡು 0.69ರ ಆಸುಪಾಸಿನದು. ಅಮೆರಿಕನ್ನರೂ ಬಳಸುತ್ತಿದ್ದ ಫ್ರೆಂಚರ ‘ಶಾರ್ಲ್‌ವಿಲ್’ ಕೋವಿಯ ನಳಿಗೆಯೇ 0.69; ಗುಂಡು 0.63ರಿಂದ 0.65. ನಳಿಗೆಗಿಂತ ಗುಂಡು ಚಿಕ್ಕದಿರಲು ಕಾರಣವಿದೆ. ಕರಿಮದ್ದು ಸುಟ್ಟಂತೆಲ್ಲ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ಬಿಗಿಯಾದ ಗುಂಡಾದರೆ ನಾಲ್ಕಾರು ಸುತ್ತು ಹಾರಿಸುವಷ್ಟರಲ್ಲಿ ಒಳಗಿಳಿಯುವುದೇ ಇಲ್ಲ. ಗುರಿ ತಪ್ಪಿದರೂ ಚಿಂತೆಯಿಲ್ಲ, ಬೇಗ ತುಂಬಿ ಬೇಗ ಹಾರಿಸಬೇಕು ಎಂಬುದು ಅಂದಿನ ಕಾಲಾಳು ಪಡೆಯ ಲೆಕ್ಕಾಚಾರವಾಗಿತ್ತು.

ಹಾಗಾದರೆ 0.69ರ ಗುಂಡೆಲ್ಲ ಬ್ರಿಟಿಷರದೇ? ಅಲ್ಲ. ಬ್ರಿಟಿಷ್ ಕೋವಿಗಳು ಅಮೆರಿಕನ್ನರ ಕೈಯಲ್ಲೂ ಇದ್ದವು. ಇಲ್ಲಿ ನೆರವಿಗೆ ಬರುವುದು ಪುಟಾಣಿ ಗುಂಡುಗಳು. ದೊಡ್ಡ ಗುಂಡಿನ ಜೊತೆ ಚಿಕ್ಕ ಗುಂಡುಗಳನ್ನೂ ಸೇರಿಸಬೇಕೆಂದು 1777ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಆಜ್ಞೆ ಹೊರಡಿಸಿದ್ದ. ಇದು ಬ್ರಿಟಿಷರ ಪದ್ಧತಿಯಾಗಿರಲಿಲ್ಲ. ಮಾನ್‌ಮತ್‌ನ ಒಂದು ಹಳೆಯ ಸೇಬಿನ ತೋಟದ ನೆಲದಲ್ಲಿ ದೊಡ್ಡ ಗುಂಡುಗಳ ಜೊತೆ ಇಂಥ ಚಿಕ್ಕ ಗುಂಡುಗಳೂ ಸಿಕ್ಕವು. ಒಂದೊಂದೂ ಸಿಕ್ಕ ಜಾಗವನ್ನು ನಕಾಶೆಯಲ್ಲಿ ಗುರುತಿಸುತ್ತ ಹೋದಾಗ, ಕರ್ನಲ್ ಜೋಸೆಫ್ ಸಿಲ್ಲಿಯ ತುಕಡಿ ಸ್ಕಾಟ್ಲೆಂಡಿನ ಹೈಲ್ಯಾಂಡರ್ ಸೈನಿಕರ ಮೇಲೆರಗಿದ ತಾಣ ನೆಲದ ಮೇಲೆ ಖಚಿತವಾಯಿತು.

ಹಲ್ಲಿನ ಗುರುತಿರುವ ಗುಂಡುಗಳದು ಇನ್ನೊಂದು ಕಥೆ. ಅರಿವಳಿಕೆಯಿಲ್ಲದ ಕಾಲದಲ್ಲಿ ಗಾಯಾಳುಗಳು ನೋವು ತಡೆಯಲು ಗುಂಡು ಕಚ್ಚಿಕೊಳ್ಳುತ್ತಿದ್ದರೆಂದು ವಸ್ತುಸಂಗ್ರಹಾಲಯಗಳಲ್ಲಿ ಬಹುಕಾಲ ಹೇಳಲಾಗುತ್ತಿತ್ತು. ಹಲ್ಲಿನ ಅಗಲ, ಆಳಗಳನ್ನು ಹೋಲಿಸಿ ನೋಡಿದಾಗ ಇಂಥ ಅನೇಕ ಗುಂಡುಗಳನ್ನು ಜಗಿದದ್ದು ಮಣ್ಣು ಕೆದಕುವ ಹಂದಿಗಳೆಂದು ತಿಳಿಯಿತು. ವೀರಗಾಥೆಗೆ ತುಸು ನಷ್ಟವಾಯಿತು, ಅಷ್ಟೇ.

1849ರಲ್ಲಿ ಫ್ರಾನ್ಸಿನ ಕ್ಲೋದ್ ಎತಿಯೆನ್ ಮಿನಿಯೆ ರೂಪಿಸಿದ, ಮೂತಿ ಚೂಪಾಗಿ ತಳ ಟೊಳ್ಳಾದ ಗುಂಡು ಬಂದ ಮೇಲೆ ಗುರುತು ಹಿಡಿಯುವುದು ಸುಲಭವಾಯಿತು. ಮದ್ದಿನ ಒತ್ತಡಕ್ಕೆ ತಳ ಹಿಗ್ಗಿ ನಳಿಗೆಯ ತಿರುಚು ಗೀರುಗಳನ್ನು ಕಚ್ಚುವುದರಿಂದ, ಗುಂಡಿನ ಮೈಮೇಲೆ ಆ ಗೀರುಗಳ ಅಚ್ಚು ಉಳಿಯುತ್ತದೆ.

ಆ ಅಚ್ಚನ್ನು ಪೊಲೀಸರ ಅಪರಾಧ ಪತ್ತೆಯ ವಿಧಾನದಲ್ಲಿ ಓದಿದ್ದು ಮಾಂಟಾನಾದ ಲಿಟಲ್ ಬಿಗ್‌ಹಾರ್ನ್‌ನಲ್ಲಿ. 1876ರಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ತುಕಡಿ ಲಕೋಟಾ, ಶಯನ್ ಮೂಲನಿವಾಸಿ ಯೋಧರ ಕೈಯಲ್ಲಿ ನಾಶವಾದ ಆ ಬಯಲಿನ ಹುಲ್ಲು 1983ರಲ್ಲಿ ಕಾಳ್ಗಿಚ್ಚಿಗೆ ಸುಟ್ಟುಹೋಯಿತು. ಮರುವರ್ಷ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಹವ್ಯಾಸಿ ಶೋಧಕರನ್ನು ಸಾಲಾಗಿ ನಡೆಸಿ, ಡಿಟೆಕ್ಟರ್ ಕೂಗಿದಲ್ಲೆಲ್ಲ ಪುಟ್ಟ ಬಾವುಟ ನೆಡಿಸಿದರು. ಸೈನಿಕರ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನಿನ 0.45 ಗುಂಡುಗಳ ಎದುರು, ಒಂದರ ಹಿಂದೊಂದು ಸುತ್ತು ಹಾರಿಸುವ ಹೆನ್ರಿ, ವಿಂಚೆಸ್ಟರ್ ಕೋವಿಗಳ ತೋಟಾಗಳು ಸಿಕ್ಕವು. ತೋಟಾದ ತಳಕ್ಕೆ ಬಿದ್ದ ಕೋವಿಮೊಳೆಯ ಪೆಟ್ಟನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಒಂದೇ ಕೋವಿ ಯಾವ ದಿಬ್ಬದಿಂದ ಯಾವ ದಿಬ್ಬಕ್ಕೆ ಸಾಗಿತೆಂದೂ ಹೇಳಲು ಸಾಧ್ಯವಾಯಿತು. ನೂರು ವರ್ಷ ಯಾರೂ ಕಿವಿಗೊಡದ ಮೂಲನಿವಾಸಿಗಳ ನೆನಪಿನ ಮಾತುಗಳಿಗೆ ಇದರಿಂದ ಬೆಂಬಲ ಸಿಕ್ಕಿತು. ಅದೇ ತೋಟಾಗಳನ್ನು ಹವ್ಯಾಸಿಗಳು ಹೆಕ್ಕಿ ಜೇಬಿಗಿಳಿಸಿದ್ದರೆ ತೂಕ, ಅಳತೆ ಉಳಿಯುತ್ತಿದ್ದವು, ಈ ನಡೆಯ ದಾರಿ ಮಾತ್ರ ಅಳಿಸಿಹೋಗುತ್ತಿತ್ತು.

ಈ ಕಥೆಗೆ ಕನ್ನಡ ನಾಡಿನ ನಂಟೂ ಇದೆ. ಮಾನ್‌ಮತ್‌ನಲ್ಲಿ ಕಾದಾಡಿದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನೇ 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಅವನ ಸಿಪಾಯಿಗಳ ಹೆಗಲ ಮೇಲಿದ್ದದ್ದು ಬ್ರೌನ್ ಬೆಸ್ ಕುಲದ ಕೋವಿಯೇ. ಟಿಪ್ಪುವಿನ ಪಡೆಯಲ್ಲಿ ಫ್ರೆಂಚ್ ಮಾದರಿಯವೂ ಇದ್ದವು. ಆದ್ದರಿಂದ ಸಿವಿಲಿಚ್‌ರ ಸೂತ್ರ ಇಲ್ಲಿಯೂ ಉಪಯೋಗಕ್ಕೆ ಬರುವಂಥದ್ದು. ಆದರೆ ಸಂರಕ್ಷಿತ ಸ್ಮಾರಕದ ನೆಲವನ್ನು ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಮಣ್ಣಲ್ಲಿ ಸಿಕ್ಕ ನಿಧಿಯ ಬೆಲೆ 10 ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ.

ನಿಯಮದಂತೆ ನಡೆದ ಶೋಧದಿಂದ ಎಷ್ಟು ತಿಳಿಯುತ್ತದೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ನಗರ, ಅಂದರೆ ಹಳೆಯ ಬಿದನೂರು, ಒಳ್ಳೆಯ ಉದಾಹರಣೆ. ಅಲ್ಲಿನ ಪಾಳುಬಾವಿಯೊಂದರ ಮಣ್ಣು ಮದ್ದಿನ ವಾಸನೆ ಸೂಸುತ್ತಿತ್ತು. 2018ರಲ್ಲಿ ಪುರಾತತ್ವ ಇಲಾಖೆ ಅಗೆಸಿದಾಗ ಟಿಪ್ಪು ಕಾಲದ ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಒಂದೇ ರಾಶಿಯಲ್ಲಿ ಸಿಕ್ಕವು. ಬಿಡಿಬಿಡಿಯಾಗಿ ಸಿಕ್ಕಿದ್ದರೆ ಅವನ್ನು ಯಾರೋ ಯಾರ ಮೇಲೋ ಹಾರಿಸಿದ್ದೆಂದು ಊಹಿಸಬಹುದಿತ್ತು. ರಾಶಿಯಾಗಿ ಸಿಕ್ಕಿದ್ದರಿಂದ, ಅವು ಯುದ್ಧಕ್ಕೆಂದು ಕೂಡಿಟ್ಟು ಬಳಸದೆ ಉಳಿದ ದಾಸ್ತಾನು ಎಂದು ತಿಳಿಯಿತು.