ಉಳಿ ಹಿಡಿದವನ ದೋಣಿ

1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆಂದು ಹೊರಟ ಆಸ್ಟ್ರೇಲಿಯದ ದೋಣಿ ತಂಡವೊಂದು ದಾರಿಯಲ್ಲಿ ಇಂಗ್ಲೆಂಡಿನಲ್ಲಿ ತಂಗಿತು. ಥೇಮ್ಸ್ ನದಿಯ ದಡದ ಹೆನ್ಲಿ ಎಂಬ ಊರಿನಲ್ಲಿ ವರ್ಷಂಪ್ರತಿ ನಡೆಯುವ ಪ್ರಸಿದ್ಧ ದೋಣಿ ಪಂದ್ಯದಲ್ಲಿ ಭಾಗವಹಿಸಬೇಕೆಂಬುದು ಅವರ ಆಸೆ. ಪ್ರವೇಶ ದೊರೆಯಲಿಲ್ಲ. ಅವರು ಮೋಸ ಮಾಡಿದವರಲ್ಲ, ಹಣಕ್ಕಾಗಿ ಹುಟ್ಟು ಹಾಕಿದವರೂ ಅಲ್ಲ. ಅವರು ಪೊಲೀಸರು, ಎಂದರೆ ಸಂಬಳಕ್ಕೆ ಮೈ ದಂಡಿಸಿ ದುಡಿಯುವವರು. ಅಂಥವರು ಹವ್ಯಾಸಿ ಕ್ರೀಡಾಳುಗಳಾಗಲಾರರು ಎಂಬುದು ಹೆನ್ಲಿಯ ಹಿರಿಯರ ತೀರ್ಪು.

ಆ ತೀರ್ಪಿನ ಹಿಂದೆ 1879ರ ಒಂದು ನಿಯಮವಿತ್ತು. ಪಣಕ್ಕಾಗಿ ಸ್ಪರ್ಧಿಸಿದವನು, ದೋಣಿಗಳ ಸುತ್ತಮುತ್ತ ಕೂಲಿಗೆ ಕೆಲಸ ಮಾಡಿದವನು ಹವ್ಯಾಸಿಯಲ್ಲ ಎಂದಿತು ನಿಯಮ. ಇಷ್ಟಾದರೆ ಒಪ್ಪಬಹುದಾಗಿತ್ತು. ಆದರೆ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯಂತ್ರ ದುರಸ್ತಿ ಮಾಡುವವನು, ಕುಶಲಕರ್ಮಿ, ಕೂಲಿಯಾಳು, ಇವರಾರೂ ಹವ್ಯಾಸಿಗಳಲ್ಲ ಎಂದು ಸಾರಿತು. ಬಡಗಿಯು ಜೀವಮಾನದಲ್ಲಿ ಒಂದು ಬಿಡಿಗಾಸಿನ ಬಹುಮಾನವನ್ನೂ ಮುಟ್ಟದಿದ್ದರೂ ಅವನು ಹೊರಗೇ. ದಿನವೆಲ್ಲ ದುಡಿದು ತೋಳು ಬಲಿತವನ ಎದುರು ಮೆತ್ತಗಿನ ಮೈಯ ಮನೆತನಸ್ಥ ಹೇಗೆ ಸ್ಪರ್ಧಿಸಬೇಕು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಈಟನ್, ಆಕ್ಸ್‌ಫರ್ಡ್‌ಗಳಲ್ಲಿ ಬಾಲ್ಯದಿಂದ ಹೊಟ್ಟೆ ತುಂಬ ಉಂಡು, ಮಧ್ಯಾಹ್ನಗಳನ್ನೆಲ್ಲ ನದಿಯ ಮೇಲೆ ಕಳೆದವನಿಗಿದ್ದ ಅನುಕೂಲದ ಲೆಕ್ಕವನ್ನು ಮಾತ್ರ ಯಾರೂ ತೆಗೆಯಲಿಲ್ಲ.

1920ರಲ್ಲಿ ಅಮೆರಿಕದ ಜಾನ್ ಕೆಲ್ಲಿಯ ಅರ್ಜಿಯೂ ಅಲ್ಲಿ ತಿರಸ್ಕೃತವಾಗಿತ್ತು. ಆತ ಇಟ್ಟಿಗೆ ಕಟ್ಟುವ ಗಾರೆ ಕೆಲಸದಿಂದ ಮೇಲೆ ಬಂದವನು. ಆತನ ಸಂಘದ ಮೇಲಿದ್ದ ಹಳೆಯ ನಿಷೇಧವೂ ಆ ತಿರಸ್ಕಾರಕ್ಕೆ ಒಂದು ಕಾರಣ. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಕೆಲ್ಲಿ ಚಿನ್ನ ಗೆದ್ದ. ಹೆನ್ಲಿಯಲ್ಲಿ ಆ ಸಲದ ಬಹುಮಾನ ಪಡೆದಿದ್ದ ಬೆರೆಸ್‌ಫರ್ಡನೇ ಅಲ್ಲಿ ಅವನಿಗೆ ಸೋತದ್ದು. ಮುಂದೆ 1947ರಲ್ಲಿ ಕೆಲ್ಲಿಯ ಮಗ ಹೆನ್ಲಿಗೆ ಹೋಗಿ, ತಂದೆಗೆ ನಿರಾಕರಿಸಿದ್ದ ಆ ಬಹುಮಾನವನ್ನೇ ಗೆದ್ದು ತಂದ. ಅಷ್ಟು ಹೊತ್ತಿಗೆ ನಿಯಮ ಹೋಗಿತ್ತು. ಆಸ್ಟ್ರೇಲಿಯದವರ ಪ್ರಕರಣದಿಂದಾದ ಮುಜುಗರದ ಮರುವರ್ಷ, 1937ರಲ್ಲಿ, ಕೈಕೆಲಸದವರ ಮೇಲಿನ ಆ ಕಲಮನ್ನು ತೆಗೆದುಹಾಕಿದರು.

ಅಮೆಚೂರ್ ಎಂಬ ಮಾತಿನ ಲ್ಯಾಟಿನ್ ಮೂಲದಲ್ಲಿರುವ ಅರ್ಥ ‘ಪ್ರೀತಿಸುವವನು’ ಎಂದು. ನಾವು ಹವ್ಯಾಸಿ ಎನ್ನುತ್ತೇವೆ. ನಮ್ಮಲ್ಲಿಯೂ ಹವ್ಯಾಸಿ ರಂಗಭೂಮಿಯವರು ವೃತ್ತಿ ಕಂಪನಿಗಳ ನಟರನ್ನು ನೋಡಿದ ನೋಟದಲ್ಲಿ ಕಲೆಯ ವಿಚಾರ ಎಷ್ಟಿತ್ತು, ಮನೆತನದ ವಿಚಾರ ಎಷ್ಟಿತ್ತು ಎಂಬುದನ್ನು ಬಿಡಿಸಿ ಹೇಳುವುದು ಸುಲಭವಲ್ಲ. ತುಳುನಾಡಿನ ಕಂಬಳವನ್ನೇ ನೋಡಿ. ಕೋಣಗಳ ಯಜಮಾನನ ಹೆಸರು ಊರೂರಿಗೆ ಹಬ್ಬುತ್ತಿತ್ತು. ಕೆಸರಿನಲ್ಲಿ ಓಡಿದವನ ಹೆಸರು ಗದ್ದೆಯ ಅಂಚನ್ನು ದಾಟಿದ್ದು ಅಪರೂಪ. 2020ರಲ್ಲಿ ಶ್ರೀನಿವಾಸ ಗೌಡ ಎಂಬ ಕಟ್ಟಡ ಕಾರ್ಮಿಕನ ಓಟ ದೇಶಕ್ಕೆಲ್ಲ ಸುದ್ದಿಯಾಯಿತು. ಕೋಣಗಳ ಸೆಳೆತವನ್ನು ಲೆಕ್ಕಕ್ಕೆ ಹಿಡಿಯದೆ ಅವನನ್ನು ಉಸೇನ್ ಬೋಲ್ಟನಿಗೆ ಹೋಲಿಸಿದ್ದು ಅತಿರೇಕ. ಆದರೂ ಓಡಿದವನ ಹೆಸರು ಕೇಳಿಬಂತಲ್ಲ, ಅದು ಸಣ್ಣ ಮಾತಲ್ಲ.

ಹೆನ್ಲಿಯ ನಿಯಮವನ್ನು ಇಂಗ್ಲೆಂಡಿನಲ್ಲಿಯೇ ವಿರೋಧಿಸಿದವರು ಇದ್ದರು. ಅವರಲ್ಲಿ ಮುಂದಾಳು ಒಬ್ಬ ಸಾಹಿತ್ಯ ವಿದ್ವಾಂಸ ಎಂಬುದು ನಮಗೆ ವಿಶೇಷವಾಗಿ ಕಾಣಬೇಕು. ಆತ ಫ್ರೆಡರಿಕ್ ಫರ್ನಿವಲ್. ಆಕ್ಸ್‌ಫರ್ಡ್ ನಿಘಂಟಿನ ಆರಂಭಕಾಲದ ಸಂಪಾದಕ, ಹಳೆಯ ಇಂಗ್ಲಿಷ್ ಗ್ರಂಥಗಳ ಪ್ರಕಟಣೆಗೆಂದು 1864ರಲ್ಲಿ ಸಂಘ ಕಟ್ಟಿದವನು. ವಿದ್ಯಾರ್ಥಿದೆಸೆಯಲ್ಲಿ ಥೇಮ್ಸಿನ ಒಬ್ಬ ಅಂಬಿಗನ ನೆರವಿನಿಂದ ಹೊಸ ಬಗೆಯ ಕಿರುದೋಣಿಗಳನ್ನು ತಾನೇ ಕಟ್ಟಿಕೊಂಡವನು. ಕೈಕೆಲಸದವರಿಗೂ ಬಾಗಿಲು ತೆರೆದ ಬೇರೊಂದು ದೋಣಿ ಸಂಸ್ಥೆ 1890ರಲ್ಲಿ ಹುಟ್ಟಿದ್ದರಲ್ಲಿ ಅವನ ಪಾತ್ರ ದೊಡ್ಡದು. 1896ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ದುಡಿಯುವ ಹುಡುಗಿಯರಿಗಾಗಿ ದೋಣಿ ಕ್ಲಬ್ಬನ್ನೂ ತೆರೆದ. ನಿಘಂಟಿಗೆ ಪದಗಳನ್ನು ಕೂಡಿಹಾಕಿದವನು ಒಂದು ಪದದ ಅರ್ಥಕ್ಕಾಗಿ ಬೀದಿಗಿಳಿದು ಜಗಳವಾಡಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಇದು ನದಿಯ ಮಾತಾಯಿತು. ಕಡಲಿನಲ್ಲಿ ಅಂಥ ಬರೆದಿಟ್ಟ ಕಲಮು ಬೇಕಾಗಿರಲಿಲ್ಲ. ಹಣವೇ ಆ ಕೆಲಸವನ್ನು ಮಾಡುತ್ತಿತ್ತು. ಸಿರಿವಂತರ ವಿಹಾರನೌಕೆಗಳು ಬೇಸಗೆಯಲ್ಲಿ ಪಂದ್ಯಕ್ಕೆ ಇಳಿದಾಗ ಅವುಗಳ ಹಗ್ಗ ಎಳೆಯುತ್ತಿದ್ದವರು ಎಸೆಕ್ಸ್ ಕರಾವಳಿಯ ಬೆಸ್ತರು. ಚಳಿಗಾಲದಲ್ಲಿ ಮೀನು, ಸಿಂಪಿ ಹಿಡಿದು ಬದುಕುತ್ತಿದ್ದ ವಿವೆನ್‌ಹೋ, ಟೋಲ್ಸ್‌ಬರಿಗಳಂಥ ಹಳ್ಳಿಗಳ ಗಂಡಸರು ಬೇಸಗೆಯಲ್ಲಿ ದಣಿಗಳ ನೌಕೆಯ ಹೆಸರು ಹೊಲಿದ ಅಂಗಿ ತೊಟ್ಟು ಕೂಲಿಗೆ ಹೋಗುತ್ತಿದ್ದರು. ಗಾಳಿ ಯಾವ ಕಡೆಯಿಂದ ತಿರುಗುವುದೆಂದು ಬಲ್ಲವರು ಅವರು. ಬಟ್ಟಲು ಹೋಗುತ್ತಿದ್ದದ್ದು ದಣಿಗಳ ಮನೆಗೆ. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದ ಗುಮಾಸ್ತ, ಶಾಲಾ ಮಾಸ್ತರ, ಅಂಗಡಿಯವ ಇವರಿಗೆ ಹಾಯಿಯ ಆಟ ದಡದಲ್ಲಿ ನಿಂತು ನೋಡುವ ನೋಟವಾಗಿಯೇ ಬಹುಮಟ್ಟಿಗೆ ಉಳಿದಿತ್ತು.

ಈ ಸ್ಥಿತಿ ಬದಲಾದದ್ದು ಅಂಟಿನಿಂದ ಎಂದರೆ ನಗಬಾರದು. ಹಳೆಯ ದೋಣಿಯ ಹಲಗೆಗಳನ್ನು ಹಬೆಯಲ್ಲಿ ಬಾಗಿಸಿ, ಒಂದರ ಮೇಲೊಂದು ಕೂರಿಸಿ, ಮೊಳೆ ಬಡಿದು ಕೂಡಿಸಲು ವರ್ಷಗಟ್ಟಲೆ ಪಳಗಿದ ಕೈ ಬೇಕು. ತೆಳುಪದರಗಳ ಪ್ಲೈವುಡ್ ಇತ್ತು, ಆದರೆ ಪದರಗಳನ್ನು ಹಿಡಿದಿಡುವ ಹಳೆಯ ಅಂಟು ನೀರಿಗೆ ಬಿಡುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಸ್ಕಿಟೋ ಎಂಬ ಮರದ ಯುದ್ಧವಿಮಾನವನ್ನು ಕಟ್ಟಿದರು. ಅದಕ್ಕೆ ಮೊದಲು ಬಳಸಿದ್ದು ಹಾಲಿನ ಸತ್ವದಿಂದ ತೆಗೆದ ಅಂಟು. ಅದು ತೇವದಲ್ಲಿ ನೆಚ್ಚಿಕೆಯದಲ್ಲವೆಂದು ಕಂಡಾಗ ಕೃತಕ ರಾಳದ ಅಂಟು ಬಂತು. ಯುದ್ಧ ಮುಗಿಯಿತು. ನೀರಿಗೆ ಬಿಡದ ಅಂಟು ಮತ್ತು ಪ್ಲೈವುಡ್ ಸಾಮಾನ್ಯರ ಕೈಗೆ ಸಿಗುವಂತಾದವು.

ಇವನ್ನು ಕಡಲಾಟಕ್ಕೆ ಒದಗಿಸಿದವರಲ್ಲಿ ಮುಖ್ಯನಾದವನು ಥೇಮ್ಸ್ ದಡದ ಪಟ್ನಿಯಲ್ಲಿ ದೋಣಿ ಕಟ್ಟುತ್ತಿದ್ದ ಜಾಕ್ ಹೋಲ್ಟ್. ಹಳೆಯ ನಿಯಮದ ಪ್ರಕಾರ ಹವ್ಯಾಸಿಯೆನಿಸಿಕೊಳ್ಳಲಾರದ ಮನುಷ್ಯ ಎಂಬುದನ್ನು ಗಮನಿಸಬೇಕು. 1947ರಲ್ಲಿ ಮಕ್ಕಳಿಗಾಗಿ ‘ಕೆಡೆಟ್’ ಎಂಬ ಕಿರುದೋಣಿ, 1949ರಲ್ಲಿ 14 ಅಡಿಯ ‘ಜಿಪಿ’, 1956ರಲ್ಲಿ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಯ ಬೆಂಬಲದಿಂದ ತಿಳಿನೀಲಿ ಹಾಯಿಯ ‘ಎಂಟರ್‌ಪ್ರೈಸ್’, ಹೀಗೆ ಒಂದಾದ ಮೇಲೊಂದು ನಕ್ಷೆ ಅವನ ಕೈಯಿಂದ ಬಂತು. ಮನೆಯಲ್ಲಿಯೇ ಕಟ್ಟಿಕೊಳ್ಳಬಹುದೆಂಬುದು ಇವುಗಳ ಗುಟ್ಟು. ಎಂಟರ್‌ಪ್ರೈಸ್ ದೋಣಿ ನಮ್ಮ ದೇಶದ ಹಾಯಿ ಕ್ಲಬ್ಬುಗಳಿಗೂ ಬಂದು ಬಹುಕಾಲ ಬಳಕೆಯಲ್ಲಿತ್ತು. ಆ ಪತ್ರಿಕೆ 1960ರಲ್ಲಿ ನಿಂತುಹೋಯಿತು; ದೋಣಿ ನಿಲ್ಲಲಿಲ್ಲ.

ಆದರೂ ಇವೆಲ್ಲಕ್ಕೆ ಸ್ವಲ್ಪವಾದರೂ ಬಡಗಿತನ ಬೇಕಿತ್ತು. ಅದನ್ನೂ ಬೇಡವೆನಿಸಿದ್ದು 1963ರಲ್ಲಿ ಬಂದ ‘ಮಿರರ್’. ದುಡಿಯುವ ಜನರು ಓದುತ್ತಿದ್ದ ‘ಡೈಲಿ ಮಿರರ್’ ಪತ್ರಿಕೆ ಇದರ ಪೋಷಕ. ಪತ್ರಿಕೆಗೆ ಜನೋದ್ಧಾರಕ್ಕಿಂತ ಜಾಹೀರಾತಿನ ಮೇಲೆಯೇ ಕಣ್ಣಿದ್ದಿರಬೇಕು. ಕೆಂಪು ಹಾಯಿಗಳು ಮೈಲಿ ದೂರದಿಂದ ಕಾಣುತ್ತವೆ. ಏನೇ ಇರಲಿ, ಕೆಲಸ ಆಯಿತು. ಹೋಲ್ಟನ ಜೊತೆಗೆ ಇದನ್ನು ರೂಪಿಸಿದವನು ಬ್ಯಾರಿ ಬಕ್ನೆಲ್. ಹಳೆಯ ಮನೆಯನ್ನು ಸ್ವಂತ ಕೈಯಿಂದ ರಿಪೇರಿ ಮಾಡಿಕೊಳ್ಳುವ ಬಗೆಯನ್ನು 1962ರಲ್ಲಿ ಬಿಬಿಸಿ ಟೆಲಿವಿಷನ್ನಿನಲ್ಲಿ ತೋರಿಸಿ ಮನೆಮಾತಾಗಿದ್ದವನು.

ದೋಣಿಯ ಉದ್ದ 10 ಅಡಿ 10 ಅಂಗುಲ, ಅಗಲ 4 ಅಡಿ 7 ಅಂಗುಲ, ಬರಿಯ ಒಡಲಿನ ತೂಕ ಸುಮಾರು 45 ಕಿಲೋ. ಬಿಡಿಭಾಗಗಳ ಕಟ್ಟಿನ ಬೆಲೆ 63 ಪೌಂಡು 11 ಷಿಲಿಂಗು. ಅಂದಿನ ಕಾರ್ಮಿಕನ ನಾಲ್ಕು ವಾರಗಳ ಸಂಬಳದಷ್ಟು ಎನ್ನಬಹುದು. ಅಳತೆಗೆ ಕತ್ತರಿಸಿದ ಪ್ಲೈವುಡ್ ಹಲಗೆಗಳು ಮನೆಗೆ ಬರುತ್ತವೆ. ಹಲಗೆಗಳ ಅಂಚಿನುದ್ದಕ್ಕೂ ಬೈರಿಗೆಯಿಂದ ಸಣ್ಣ ತೂತುಗಳನ್ನು ಕೊರೆಯಬೇಕು. ಎರಡು ಅಂಚುಗಳನ್ನು ಸೇರಿಸಿ ತಾಮ್ರದ ತಂತಿಯ ತುಂಡುಗಳಿಂದ ಹೊಲಿಯಬೇಕು. ಇಕ್ಕಳದಿಂದ ತಂತಿಯ ತುದಿಗಳನ್ನು ತಿರುಚುತ್ತ ಬಿಗಿಮಾಡಬೇಕು. ಹಾಗೆ ಬಿಗಿಯುತ್ತ ಹೋದಂತೆ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಹಲಗೆಗಳು ತಾವೇ ಬಾಗಿ ದೋಣಿಯ ಆಕಾರ ತಾಳುತ್ತವೆ. ಹಬೆ ಬೇಡ, ಅಚ್ಚು ಬೇಡ. ಆಮೇಲೆ ಸಂದುಗಳ ಮೇಲೆ ಗಾಜಿನ ನಾರಿನ ಪಟ್ಟಿ ಹಾಸಿ ರಾಳ ಬಳಿಯುತ್ತಾರೆ. ರಾಳ ಗಟ್ಟಿಯಾದ ಮೇಲೆ ಹೊರಗೆ ಉಳಿದ ತಂತಿಯ ತುದಿಗಳನ್ನು ಕತ್ತರಿಸಿ ಅರದಿಂದ ಉಜ್ಜಿದರೆ ಹೊಲಿಗೆಯ ಗುರುತು ಕಾಣುವುದಿಲ್ಲ. ಹಾಯಿಕಂಬವನ್ನೂ ಎರಡು ತುಂಡಾಗಿಸಿ ದೋಣಿಯ ಉದ್ದದೊಳಗೆ ಹಿಡಿಸುವಂತೆ ಮಾಡಿದ್ದರು. ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು ಭಾನುವಾರ ಕಡಲಿಗೆ ಹೋಗಬಹುದಿತ್ತು.

ಹೊಲಿದ ದೋಣಿ ಎಂದೊಡನೆ ನಮ್ಮ ಪಶ್ಚಿಮ ಕರಾವಳಿಯವರು ಕಿವಿ ನಿಮಿರಿಸಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೂ ಬಂದು ಹೋದ ಇಬ್ನ್ ಬತೂತ, ಭಾರತದ ಮತ್ತು ಯೆಮನಿನ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆಂದು ಬರೆದಿಟ್ಟಿದ್ದಾನೆ. ಕಬ್ಬಿಣದ ಮೊಳೆ ಕಲ್ಲಿಗೆ ಬಡಿದರೆ ಸಡಿಲವಾಗುತ್ತದೆ, ಹುರಿಯ ಹೊಲಿಗೆ ಏಟನ್ನು ನುಂಗಿಕೊಳ್ಳುತ್ತದೆ ಎಂಬುದು ಹಳಬರ ಅನುಭವ. ಬಕ್ನೆಲನ ತಂತಿ ಇದರಿಂದ ಬಂದಿತೆಂದು ನಾನು ಹೇಳುತ್ತಿಲ್ಲ; ಎಲ್ಲವೂ ನಮ್ಮಲ್ಲಿಯೇ ಮೊದಲು ಇತ್ತೆನ್ನುವ ಚಟ ನನಗಿಲ್ಲ. ಅಲ್ಲದೆ ನಮ್ಮ ಹೊಲಿಗೆ ದೋಣಿಯ ಆಯುಷ್ಯವಿರುವ ತನಕ ಇರತಕ್ಕದ್ದು, ಅವರದು ಅಂಟು ಒಣಗುವ ತನಕ. ನಮ್ಮಲ್ಲಿ ಆ ವಿದ್ಯೆ ದೋಣಿ ಕಟ್ಟುವ ಆಚಾರಿಗಳ ಮನೆಯಲ್ಲಿ ತಂದೆಯಿಂದ ಮಗನಿಗೆ ಇಳಿಯಿತು. ಅಲ್ಲಿ ಅದು ಒಂದು ಹಾಳೆಯ ಮೇಲೆ ಅಚ್ಚಾಗಿ, ಸೂಜಿ ಹಿಡಿಯಬಲ್ಲ ಯಾರ ಮನೆಗಾದರೂ ಅಂಚೆಯಲ್ಲಿ ಹೋಯಿತು.

ಹಾಗೆ ಹೋದ ಮನೆಗಳಲ್ಲಿ ಏನಾಯಿತೆಂಬುದು ಊಹೆಗೆ ನಿಲುಕದ್ದಲ್ಲ. ಕಾರು ನಿಲ್ಲಿಸುವ ಕೊಟ್ಟಿಗೆ ಇದ್ದವರು ಅಲ್ಲಿ, ಇಲ್ಲದವರು ಊಟದ ಕೋಣೆಯಲ್ಲೋ ಪಡಸಾಲೆಯಲ್ಲೋ ಚಳಿಗಾಲವೆಲ್ಲ ಹಲಗೆ ಹರಡಿಕೊಂಡರು. ರಾಳದ ವಾಸನೆ ಸಾರಿನ ವಾಸನೆಯೊಡನೆ ಬೆರೆಯಿತು. ಕಟ್ಟಿ ಮುಗಿಸಿದ ದೋಣಿ ಬಾಗಿಲಲ್ಲಿ ಹೊರಗೆ ಹೋಗದೆ ಪೇಚಾಡಿದವರ ನಗೆಕಥೆಗಳು ಹುಟ್ಟಿಕೊಂಡವು. ಬೇಸಗೆಯಲ್ಲಿ ಆ ದೋಣಿಯಲ್ಲಿ ಕೂತ ಹುಡುಗನಿಗೆ ಪ್ರತಿಯೊಂದು ಸಂದು ಗೊತ್ತು. ಎಲ್ಲಿ ಅಪ್ಪನ ಬೈರಿಗೆ ಜಾರಿತೆಂಬುದೂ ಗೊತ್ತು. ಇಂಥ ದೋಣಿಗಳು ಒಂದೆರಡಲ್ಲ, ವರ್ಷಗಳು ಕಳೆದಂತೆ ಮಿರರ್ ದೋಣಿಗಳ ಹಾಯಿಸಂಖ್ಯೆ 70,000 ದಾಟಿತು. ಉಳಿ ಹಿಡಿದವನಿಗೆ ಆಟವಿಲ್ಲ ಎಂದ ನಾಡಿನಲ್ಲಿ, ಉಳಿ ಹಿಡಿಯಲು ಒಪ್ಪಿದವನಿಗೆಲ್ಲ ಆಟ ಸಿಕ್ಕಿತು. ಹೆನ್ಲಿಯ ಕಲಮು ಹೋಗಿ ಆಗ ಇಪ್ಪತ್ತಾರು ವರ್ಷವಷ್ಟೇ ಆಗಿತ್ತು.

ಅದೇ ಕಾಲದ ಇನ್ನೊಂದು ಪ್ಲೈವುಡ್ ದೋಣಿಯ ಕಥೆ ನಮ್ಮ ತೀರಕ್ಕೂ ಬಂದು ಮುಟ್ಟುತ್ತದೆ. 1962ರಲ್ಲಿ ಪೀಟರ್ ಮಿಲ್ನ್ ಎಂಬಾತ ಹವ್ಯಾಸಿಗಳು ಕಟ್ಟಿಕೊಳ್ಳಬಹುದಾದ ‘ಫೈರ್‌ಬಾಲ್’ ದೋಣಿಯನ್ನು ರೂಪಿಸಿದ. ಇಪ್ಪತ್ತು ವರ್ಷಗಳ ಬಳಿಕ, 1982ರ ದೆಹಲಿ ಏಷ್ಯನ್ ಕ್ರೀಡೆಗಳ ಹಾಯಿ ಪಂದ್ಯಗಳು ಮುಂಬಯಿಯ ಕಡಲಿನಲ್ಲಿ ನಡೆದಾಗ, ಫರೋಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಭಾರತಕ್ಕೆ ಚಿನ್ನ ತಂದದ್ದು ಈ ಫೈರ್‌ಬಾಲ್ ವರ್ಗದಲ್ಲಿಯೇ.

ಮುಂದೆ ಗಾಜುನಾರಿನ ದೋಣಿಗಳು ಬಂದವು. ಕಾರ್ಖಾನೆಯ ಅಚ್ಚಿನಿಂದ ಇಳಿದ ಆ ಒಡಲು ಹಗುರ, ಒಂದರಂತೆ ಇನ್ನೊಂದು, ಕೊಳೆಯುವ ಭಯವಿಲ್ಲ. ಪಂದ್ಯ ಗೆಲ್ಲಬೇಕೆನ್ನುವವರು ಅವನ್ನೇ ಕೊಂಡರು. ಅವರನ್ನು ದೂಷಿಸುವಂತಿಲ್ಲ, ಪ್ರತಿವರ್ಷ ಮರಕ್ಕೆ ಬಣ್ಣ ಬಳಿಯುವ ಕಷ್ಟ ದೂರ ನಿಂತು ಹೊಗಳುವವರಿಗೆ ತಿಳಿಯದು. ಆದರೆ ಕೊಳ್ಳುವ ಶಕ್ತಿಯ ಪ್ರಶ್ನೆ ಮತ್ತೆ ಬಂತು, ಪಡಸಾಲೆಗಳು ಮತ್ತೆ ಚೊಕ್ಕಟವಾದವು.

ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡವರಿಗೆ ಸ್ಕಾಟ್ಲೆಂಡ್ ಬೇರೆ ಉತ್ತರ ಕೊಟ್ಟಿತು. ಅಲ್ಲಿನ ಫೈಫ್ ಕರಾವಳಿಯ ಕಲ್ಲಿದ್ದಲು ಗಣಿ ಕಾರ್ಮಿಕರು ಹಿಂದೆ ಕಡಲಿನಲ್ಲಿ ಹುಟ್ಟಿನ ದೋಣಿಗಳ ಪಂದ್ಯ ನಡೆಸುತ್ತಿದ್ದರು. ವಾರವೆಲ್ಲ ನೆಲದಡಿ, ರಜೆಯ ದಿನ ನೀರಿನ ಮೇಲೆ. 1950ರ ದಶಕದಲ್ಲಿ ಅದು ನಿಂತಿತು. ಅದನ್ನು ಮತ್ತೆ ಎಬ್ಬಿಸಬೇಕೆಂದು ಆನ್‌ಸ್ಟ್ರದರ್ ಎಂಬ ಮೀನುಗಾರರ ಊರಿನ ವಸ್ತುಸಂಗ್ರಹಾಲಯ ಮನಸ್ಸು ಮಾಡಿತು. ಇಯಾನ್ ಆಟ್ರೆಡ್ ಎಂಬ ದೋಣಿ ವಿನ್ಯಾಸಕಾರ ಹಳೆಯ ಫೇರ್ ದ್ವೀಪದ ದೋಣಿಯ ಮಾದರಿಯಲ್ಲಿ 22 ಅಡಿಯ ನಕ್ಷೆ ಬರೆದ. ನಾಲ್ವರು ಹುಟ್ಟು ಹಾಕುವುದಕ್ಕೆ, ಒಬ್ಬರು ಚುಕ್ಕಾಣಿಗೆ. ಹೆಸರು ‘ಸೇಂಟ್ ಆಯಿಲ್ಸ್’. ಹಲಗೆಗಳನ್ನು ಯಂತ್ರದಲ್ಲಿ ಕತ್ತರಿಸಿ ಕಟ್ಟು ಮಾಡಿ ಕೊಡುತ್ತಾರೆ. ಕೂಡಿಸುವ ಕೆಲಸ ಊರಿನವರದು. ಮಿರರ್ ಒಂದು ಸಂಸಾರದ ದೋಣಿಯಾದರೆ ಇದು ಒಂದು ಊರಿನ ದೋಣಿ. ಮೊದಲನೆಯದು ತಯಾರಾದದ್ದು 2009ರಲ್ಲಿ. 2010ರ ಮೇ ತಿಂಗಳಲ್ಲಿ ಆನ್‌ಸ್ಟ್ರದರ್‌ನಲ್ಲಿ ಮೊದಲ ಪಂದ್ಯ. 2013ರಲ್ಲಿ ಉಲ್ಲಾಪೂಲ್ ಎಂಬ ಪುಟ್ಟ ರೇವಿನಲ್ಲಿ ಅದರ ವಿಶ್ವಸ್ಪರ್ಧೆಯೇ ನಡೆಯಿತು.

ಚಳಿಗಾಲದ ಸಂಜೆಗಳಲ್ಲಿ ಯಾವುದೋ ಖಾಲಿ ಗೋದಾಮಿನಲ್ಲಿ ದೀಪ ಹಚ್ಚಿಕೊಂಡು, ಹಲಗೆಗಳಿಗೆ ಅಂಟು ಬಳಿದು, ಅದು ಒಣಗುವ ತನಕ ಚಹ ಕುಡಿಯುತ್ತ ಕಾಯುವ ಜನರಲ್ಲಿ ಹೆಂಗಸರೂ ಇದ್ದಾರೆ, ಗಂಡಸರೂ ಇದ್ದಾರೆ. ಹಿಂದೆಂದೂ ಹುಟ್ಟು ಹಿಡಿಯದವರೂ ಇದ್ದಾರೆ. ಬೇಸಗೆ ಬಂದಾಗ ಅವರೇ ದೋಣಿಯನ್ನು ಕಡಲಿಗಿಳಿಸುತ್ತಾರೆ. ಅರವತ್ತು ದಾಟಿದವರಿಗೆಂದೇ ಅಲ್ಲಿ ಬೇರೆ ಪಂದ್ಯವೊಂದಿದೆ.