ಮುರಕಲ್ಲಿನ ನೆಲ, ಮರದ ಬೇರು ಮತ್ತು ಕುಮ್ಕಿ ಹಕ್ಕು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಂದಾಯ ದಾಖಲೆಗಳಲ್ಲಿ ಪದೇ ಪದೇ ಕಾಣುವ ‘ಕುಮ್ಕಿ’ ಎಂಬ ಶಬ್ದವನ್ನು ಇತಿಹಾಸದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಭೂಹಿಡುವಳಿಯ ಪ್ರಕರಣದಲ್ಲಿ ಓದಿ ಮುಂದೆ ಸಾಗುತ್ತಾರೆ. ವರ್ಗ ಭೂಮಿಯ ಗಡಿಯಿಂದ 100 ಗಜದೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯಲು ವರ್ಗದಾರನಿಗೆ ಇರುವ ಸವಲತ್ತೇ ಕುಮ್ಕಿ. ಸಹಾಯವೆಂಬ ಅರ್ಥದ ಪಾರಸಿ ಶಬ್ದ ‘ಕುಮಕ್’ ಇದರ ಮೂಲ. ನಮ್ಮ ಆಡುಮಾತಿನ ‘ಕುಮ್ಮಕ್ಕು’ ಇದರ ಒಡಹುಟ್ಟು. ಫಸಲಿ 1276ಕ್ಕೆ, ಅಂದರೆ 1866-67ಕ್ಕೆ, ಹಿಂದಿನ ‘ಕದೀಂ’ ವರ್ಗಗಳಿಗೆ ಮಾತ್ರ ಇದು ಸಲ್ಲುತ್ತದೆ. ಇದನ್ನು ಸರಕಾರದ ಔದಾರ್ಯದಿಂದ ದೊರೆತ ರಿಯಾಯಿತಿಯೆಂದು ವಿವರಿಸುವುದು ವಾಡಿಕೆ. ಈ ವಿವರಣೆ ನಮಗೆ ಸಾಲದೆಂದು ತೋರುತ್ತದೆ. ಕುಮ್ಕಿಯ ಅರ್ಥವನ್ನು ದಫ್ತರದಲ್ಲಿ ಹುಡುಕುವುದಕ್ಕಿಂತ ಮೊದಲು ಮಣ್ಣಿನಲ್ಲಿ ಹುಡುಕಬೇಕು.

ಕರಾವಳಿಯ ಗುಡ್ಡಗಳೆಲ್ಲ ಬಹುಮಟ್ಟಿಗೆ ಮುರಕಲ್ಲಿನವು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಶಾಸ್ತ್ರೀಯ ನಾಮವನ್ನಿತ್ತವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನಾನಂತರ ಕಂಪೆನಿಯ ಆಜ್ಞೆಯಂತೆ ಸಂಚಾರ ಕೈಗೊಂಡ ಆತನು, ಮಲಬಾರಿನ ಅಂಗಾಡಿಪುರದಲ್ಲಿ ಜನರು ಇದನ್ನು ಇಟ್ಟಿಗೆಯಂತೆ ಕಡಿದು ಕಟ್ಟಡಕ್ಕೆ ಬಳಸುವುದನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಯೆಂಬ ಅರ್ಥವುಳ್ಳ ಪದದಿಂದ ಹೆಸರನ್ನು ರೂಪಿಸಿದನು. ಬಳಿಕ 1801ರಲ್ಲಿ ಕಾರ್ಕಳ, ಉಡುಪಿಗಳ ಮಾರ್ಗವಾಗಿ ಸಾಗಿದನು. ಅವನ ಪ್ರವಾಸಗ್ರಂಥ 1807ರಲ್ಲಿ ಅಚ್ಚಾಯಿತು.

ಮುರಕಲ್ಲು ಮನೆಗೆ ಒಳ್ಳೆಯದು, ಬೆಳೆಗೆ ಅಲ್ಲ. ಯುಗಾಂತರಗಳ ಮಳೆಯು ಸುಣ್ಣ, ಪೊಟ್ಯಾಷ್ ಮೊದಲಾದ ಕರಗುವ ಸಾರವನ್ನೆಲ್ಲ ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂಗಳನ್ನು ಉಳಿಸಿದೆ. ಮಣ್ಣು ಹುಳಿಯಾಗಿದೆ. ಉಳಿದಿರುವ ಅಲ್ಪ ರಂಜಕವನ್ನೂ ಈ ಲೋಹಗಳು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಸಾರಜನಕದ ಲವಣಗಳು ನೀರಿನೊಡನೆ ಹರಿದು ಬೇರಿನ ಬಳಿಗೆ ಬರಬಲ್ಲವು. ರಂಜಕವು ಹಾಗೆ ಬರುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಷ್ಟು ಮಣ್ಣನ್ನು ಬರಿದು ಮಾಡಿದ ಮೇಲೆ ಹೊಸ ಮಣ್ಣನ್ನು ಅರಸಿ ತಾನೇ ಹೋಗಬೇಕು. ಹೀಗಿದ್ದರೂ ಇದೇ ಗುಡ್ಡಗಳ ಮೇಲೆ ಬೋಗಿ, ಧೂಪ, ನೇರಳೆ ಮರಗಳ ದಟ್ಟವಾದ ಕಾಡು ಬೆಳೆದಿತ್ತು. ಇದು ಹೇಗೆ ಸಾಧ್ಯವಾಯಿತು?

ಉಷ್ಣವಲಯದ ಮರಗಳು ಇಂತಹ ಬಡ ನೆಲದಲ್ಲಿ ಆಹಾರವನ್ನು ಆಳದಲ್ಲಿ ಹುಡುಕುವುದಕ್ಕಿಂತ ಮೇಲ್ಪದರದಲ್ಲಿಯೇ ಹೆಚ್ಚಾಗಿ ಹುಡುಕುತ್ತವೆ. ಕೂದಲಿನಂತಹ ಬೇರುಗಳು ತರಗೆಲೆಯ ನಡುವೆಯೇ ಹೆಣೆದುಕೊಂಡು, ಎಲೆ ಕೊಳೆತೊಡನೆ ಅದರ ಸಾರವನ್ನು ಮಳೆಗೆ ಬಿಟ್ಟುಕೊಡದೆ ಹೀರುತ್ತವೆ. ವೆನೆಜುವೆಲಾದ ಸಾನ್ ಕಾರ್ಲೋಸಿನ ಅರಣ್ಯದಲ್ಲಿ ಸ್ಟಾರ್ಕ್ ಮತ್ತು ಜೋರ್ಡಾನ್ ಎಂಬ ವಿಜ್ಞಾನಿಗಳು ಬೇರಿನ ಹಾಸಿನ ಮೇಲೆ ವಿಕಿರಣಶೀಲ ರಂಜಕವನ್ನು ಚಿಮುಕಿಸಿ ನೋಡಿದಾಗ, ಅದರಲ್ಲಿ ಸಾವಿರಕ್ಕೆ ಒಂದು ಪಾಲು ಕೂಡ ಕೆಳಗೆ ಸೋರಿಹೋಗಲಿಲ್ಲವೆಂದು 1978ರಲ್ಲಿ ಪ್ರಕಟಿಸಿದರು. ಇದಲ್ಲದೆ ಬೇರುಗಳು ಸಾವಯವ ಆಮ್ಲಗಳನ್ನು ಸ್ರವಿಸಿ ಲೋಹದ ಹಿಡಿತದಿಂದ ರಂಜಕವನ್ನು ಬಿಡಿಸುತ್ತವೆ. ಮರವು ಎಲೆಯನ್ನು ಉದುರಿಸುವ ಮುನ್ನ ಅದರಲ್ಲಿರುವ ರಂಜಕದ ಬಹುಭಾಗವನ್ನು ಹಿಂದಕ್ಕೆ ಸೆಳೆದುಕೊಳ್ಳುವುದೂ ಉಂಟು. ಹಸಿ ಸೊಪ್ಪಿಗೂ ಉದುರಿದ ತರಗೆಲೆಗೂ ಗೊಬ್ಬರದ ಗುಣದಲ್ಲಿ ಭೇದವೇಕೆಂಬುದಕ್ಕೆ ಇದು ಒಂದು ಕಾರಣ. ಮರ ಹತ್ತಿ ಹಸಿ ಸೊಪ್ಪನ್ನು ಕಡಿಯುತ್ತಿದ್ದ ರೈತನು ಈ ಭೇದವನ್ನು ಚೆನ್ನಾಗಿ ಬಲ್ಲವನಾಗಿದ್ದನು.

ಬೇರಿನ ಅತಿ ದೊಡ್ಡ ಉಪಾಯವೆಂದರೆ ಶಿಲೀಂಧ್ರದೊಡನೆ ಮಾಡಿಕೊಂಡ ಒಡಂಬಡಿಕೆ. ಬೇರಿಗಿಂತ ಎಷ್ಟೋ ಸೂಕ್ಷ್ಮವಾದ ಶಿಲೀಂಧ್ರದ ಎಳೆಗಳು ಬೇರು ತಲುಪಲಾರದ ಎಡೆಗಳಿಂದ ರಂಜಕವನ್ನು ತಂದುಕೊಟ್ಟು ಪ್ರತಿಯಾಗಿ ಮರದಿಂದ ಸಕ್ಕರೆಯನ್ನು ಪಡೆಯುತ್ತವೆ. ಈ ಸಂಬಂಧಕ್ಕೆ ಜರ್ಮನಿಯ ಫ್ರಾಂಕ್ 1885ರಲ್ಲಿ ‘ಮೈಕೊರೈಜ’ ಎಂದು ಹೆಸರಿಟ್ಟನು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ಇದರ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಆದರೆ ಕಾರ್ಕಳ, ಉಡುಪಿಗಳ ಜನರಿಗೆ ಇದರ ಪ್ರತ್ಯಕ್ಷ ದರ್ಶನಕ್ಕೆ ಪ್ರಯೋಗಾಲಯ ಬೇಕಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೆ ಹಾಡಿಗಳಲ್ಲಿ ಮಣ್ಣು ಕೆದಕಿ ಆರಿಸುವ, ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಕಲ್ಲಣಬೆ, ಅಂದರೆ ತುಳುವಿನ ‘ಕಲ್ಲಲಂಬು’, ಮರದ ಬೇರಿನೊಡನೆ ಕೂಡಿಯೇ ಬಾಳುವ ಇಂತಹ ಒಂದು ಶಿಲೀಂಧ್ರದ ಫಲ. ಮರವಿಲ್ಲದ ಕಡೆ ಅದು ಏಳುವುದಿಲ್ಲ.

ಪ್ರಕೃತ ವಿಷಯಕ್ಕೆ ಬರೋಣ. ಕರಾವಳಿಯ ಗದ್ದೆಗಳು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ವರುಷ ವರುಷವೂ ಏಣಿಲು, ಸುಗ್ಗಿ, ಕೊಳಕೆ ಎಂದು ಬೆಳೆ ತೆಗೆದರೆ ಗದ್ದೆಯ ಸಾರ ಬರಿದಾಗಲೇಬೇಕು. ಅದನ್ನು ತುಂಬಿಕೊಡುತ್ತಿದ್ದುದು ಗುಡ್ಡದ ಸೊಪ್ಪು. ಸೊಪ್ಪನ್ನು ಹಟ್ಟಿಯಲ್ಲಿ ಹಾಸಿ, ದನಗಳ ಸೆಗಣಿ ಗಂಜಳಗಳೊಡನೆ ತುಳಿಸಿ, ಆ ಹಟ್ಟಿಗೊಬ್ಬರವನ್ನು ಗದ್ದೆಗೆ ಹೊರುತ್ತಿದ್ದರು. ಅಂದರೆ ಮರದ ಬೇರು ಬಡ ಮುರಕಲ್ಲಿನಿಂದ ಕಣ ಕಣವಾಗಿ ಕೂಡಿಸಿದ ರಂಜಕ, ಪೊಟ್ಯಾಷುಗಳು ಎಲೆಯ ರೂಪದಲ್ಲಿ ಬೈಲಿಗೆ ಇಳಿಯುತ್ತಿದ್ದವು. ವರ್ಗದ ತೀರ್ವೆ ಗದ್ದೆಯ ಮೇಲೆ ನಿಂತಿತ್ತು. ಗದ್ದೆಯ ಫಸಲು ಕುಮ್ಕಿಯ ಮೇಲೆ ನಿಂತಿತ್ತು. ಆದಕಾರಣ ಕುಮ್ಕಿಯನ್ನು ಉಳಿಸಿದ ಸರಕಾರವು ತನ್ನ ಕಂದಾಯವನ್ನೇ ಉಳಿಸಿಕೊಂಡಿತೆನ್ನುವುದು ಹೆಚ್ಚು ಯುಕ್ತ.

ಕುಮ್ಕಿಯನ್ನು ಕುಮರಿಯೊಡನೆ ಹೋಲಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಕುಮರಿಯೆಂದರೆ ಕಾಡನ್ನು ಕಡಿದು ಸುಟ್ಟು, ಒಂದೆರಡು ಬೆಳೆ ತೆಗೆದು ಬಿಟ್ಟುಹೋಗುವ ಬೇಸಾಯ. ಬೇರುಗಳು ಹಲವು ವರುಷ ಕೂಡಿಟ್ಟುದನ್ನು ಬೆಂಕಿಯು ಒಂದೇ ದಿನದಲ್ಲಿ ಬೂದಿಯಾಗಿ ಕೊಡುತ್ತದೆ. ಬೂದಿಯ ಸಾರ ಮುಗಿದೊಡನೆ ಹೊಲವೂ ಮುಗಿಯಿತು. 1856ರಲ್ಲಿ ಮದರಾಸಿನ ಅರಣ್ಯಾಧಿಕಾರಿಯಾದ ಕ್ಲೆಗ್‌ಹಾರ್ನ್ ಕುಮರಿಯನ್ನು ಪ್ರಬಲವಾಗಿ ವಿರೋಧಿಸಿದನು. 1860ರ ಸುಮಾರಿಗೆ ಸರಕಾರವು ಅದನ್ನು ನಿರ್ಬಂಧಿಸಿತು. ಅವನ ಕಣ್ಣು ಮುಖ್ಯವಾಗಿ ಮರಮುಟ್ಟಿನ ಮೇಲಿತ್ತೆಂಬುದನ್ನು ನಾವು ಮರೆಯಲಾಗದು. ಕುಮರಿಯವರ ಹೊಟ್ಟೆಯ ಪ್ರಶ್ನೆ ಹಿಂದೆ ಬಿದ್ದಿತು. ಕುಮರಿ, ಕುಮ್ಕಿಗಳೆರಡೂ ಒಂದೇ ಭಂಡಾರದಿಂದ ತೆಗೆದುಕೊಂಡವು. ಆದರೆ ಒಂದರ ರೈತನು ತೀರ್ವೆಯ ಪುಸ್ತಕದಲ್ಲಿ ಸ್ಥಿರವಾಗಿ ನೆಲೆನಿಂತಿದ್ದನು, ಇನ್ನೊಂದರವನು ಹಾಗಿರಲಿಲ್ಲ.

ಇಷ್ಟಾದರೂ ಕಂದಾಯದ ಭಾಷೆಯಲ್ಲಿ ಕುಮ್ಕಿಯ ನೆಲಕ್ಕೆ ‘ಪಾಳು’ ಎಂದೇ ಹೆಸರು. ಉತ್ತು ಬಿತ್ತದುದೆಲ್ಲ ಪಾಳೆಂಬ ಈ ಎಣಿಕೆಯಿಂದ ಆದ ಹಾನಿ ಸಣ್ಣದಲ್ಲ.

ಶಂಕರಪುರದ ಮಲ್ಲಿಗೆಯು ಈ ವ್ಯವಸ್ಥೆಯ ಒಂದು ಕವಲೆಂದು ನಾವು ಭಾವಿಸುತ್ತೇವೆ. ಕಾಪು ತಾಲೂಕಿನ ಈ ಊರಿನ ಹೆಸರು ಹೂವಿನಿಂದಲೇ ಮುಂಬಯಿಯವರೆಗೂ ಹಬ್ಬಿದೆ. ‘ಉಡುಪಿ ಮಲ್ಲಿಗೆ’ಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. 800 ಹೂಗಳಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆಯೆಂದು ಲೆಕ್ಕ. ಮನೆಯಂಗಳದ ಕೆಲವೇ ಸೆಂಟ್ಸು ಕೆಮ್ಮಣ್ಣಿನಲ್ಲಿ ಬೆಳೆಯುವ ಈ ಗಿಡದ ಬುಡಕ್ಕೆ ಹಟ್ಟಿಗೊಬ್ಬರ, ಹಿಂಡಿ, ಸುಡುಮಣ್ಣುಗಳು ಬೀಳಲೇಬೇಕು. ತರಗೆಲೆ, ಕಸಕಡ್ಡಿಗಳೊಡನೆ ಮಣ್ಣನ್ನು ಸುಟ್ಟು ಮಾಡುವ ಸುಡುಮಣ್ಣಿನ ಬೂದಿ ನೆಲದ ಹುಳಿಯನ್ನು ತಗ್ಗಿಸುತ್ತದೆ. ಅಂಗಳದ ಮಲ್ಲಿಗೆಯೂ ಗುಡ್ಡದ ಎಲೆಯನ್ನೇ ನೆಚ್ಚಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಕುಮ್ಕಿಯನ್ನು ಕಾನೆ, ಬಾಣೆ, ಬೆಟ್ಟ, ಹಾಡಿ, ಮೋಟಸ್ಥಳಗಳೊಡನೆ ಹೆಸರಿಸಿ ಉಳಿಸಿದೆ. ಆದರೆ ಹಟ್ಟಿಗಳು ಬರಿದಾಗಿ, ಚೀಲದ ಗೊಬ್ಬರ ಬಂದ ಮೇಲೆ ಸೊಪ್ಪು ಕಡಿಯುವವರು ವಿರಳರಾದರು. ಎಷ್ಟೋ ಕುಮ್ಕಿಗಳಲ್ಲಿ ಇಂದು ರಬ್ಬರು ನಿಂತಿದೆ, ಮನೆ ಎದ್ದಿದೆ, ಕಲ್ಲುಕೋರೆ ತೆರೆದಿದೆ. ಕುಮ್ಕಿಯನ್ನು ವರ್ಗದಾರರಿಗೇ ಮಂಜೂರು ಮಾಡಬೇಕೆಂಬ ಬೇಡಿಕೆಯೂ ಕೇಳಿಬರುತ್ತಿದೆ. ಈ ಚರ್ಚೆಯಲ್ಲಿ ನೆಲ ಯಾರದೆಂಬ ಮಾತು ಹೇರಳವಾಗಿದೆ. ಮುರಕಲ್ಲಿನ ಪಾದೆಯ ಮೇಲಿನ ಗೇಣುದ್ದದ ಮಣ್ಣನ್ನು ಕೋರೆಯವರು ಮೊದಲ ದಿನವೇ ಕೆರೆದು ಬದಿಗೆ ತಳ್ಳುತ್ತಾರೆ. ಬೇರಿನ ಹಾಸೂ ಕಲ್ಲಣಬೆಯ ಎಳೆಗಳೂ ಇದ್ದುದು ಆ ಮಣ್ಣಿನಲ್ಲಿ.